ಆ ಕಪ್ಪು ಬಟ್ಟಲು ಸೊಟ್ಟಗಿಲ್ಲ

ಯುಗಾದಿಯ ಮರುದಿನ ನಮ್ಮ ಕುಟುಂಬದ ವಾಟ್ಸಾಪ್ ಬಳಗಕ್ಕೆ ಎರಡು ನಿಮಿಷಗಳ ಒಂದು ದೃಶ್ಯತುಣುಕು ಬಂದಿತು. ಕಳುಹಿಸಿದವನು ನನ್ನ ಅಕ್ಕನ ಮೊಮ್ಮಗ. ಸಂಜೆಯ ಹೊತ್ತಿಗೆ ಅದೇ ತುಣುಕು ನನ್ನ ಹಳೆಯ ವಿದ್ಯಾರ್ಥಿಗಳ ಬಳಗದಲ್ಲಿಯೂ ಕಾಣಿಸಿಕೊಂಡಿತು. ಅದರಲ್ಲಿ ಜಪಾನಿನ ಚಹಾವಿಧಿಯಲ್ಲಿ ಬಳಸುವ ಒಂದು ಕಪ್ಪು ಮಣ್ಣಿನ ಬಟ್ಟಲು ಮೆಲ್ಲನೆ ತಿರುಗುತ್ತದೆ; ಹಿಂದೆ ಕೊಳಲಿನ ನಾದ; ಅದರ ಮೇಲೆ ಒಂದು ಗಂಭೀರ ಕಂಠ. "ನೋಡಿ, ಇದರ ಅಂಚು ನೇರವಾಗಿಲ್ಲ, ಮೈ ಸೊಟ್ಟಗಿದೆ, ಬಣ್ಣ ಒಂದೇ ಸಮನಾಗಿಲ್ಲ. ಆದರೂ ಜಪಾನೀಯರು ಇದನ್ನು ಪೂಜಿಸುತ್ತಾರೆ. ಏಕೆಂದರೆ ಅಪೂರ್ಣತೆಯೇ ಸೌಂದರ್ಯ. ನೀವೂ ಹೇಗಿದ್ದೀರೋ ಹಾಗೆಯೇ ಇರಿ, ನಿಮ್ಮ ಮಕ್ಕಳನ್ನೂ ತಿದ್ದಲು ಹೋಗಬೇಡಿ" ಎಂಬುದು ಆ ಕಂಠದ ಉಪದೇಶ. ಕೊನೆಯಲ್ಲಿ, ಬಿರುಕಿಗೆ ಚಿನ್ನದ ಗೆರೆ ಎಳೆದ ಬೇರೊಂದು ಬಟ್ಟಲನ್ನು ತೋರಿಸಿ, ಎರಡೂ ಒಂದೇ ಎಂಬಂತೆ ಮುಗಿಸಿಬಿಟ್ಟಿದ್ದರು.

ಕೆಳಗೆ ಬಂದ ಮಾತುಗಳು ಇನ್ನೂ ಸೊಗಸಾಗಿದ್ದವು. "ಮಾವ, ನಮ್ಮ ಕಾಪಿ ಪುಸ್ತಕಕ್ಕೆ ನೀವು ಸುರಿದ ಕೆಂಪು ಶಾಯಿ ಜಪಾನಿನಲ್ಲಾಗಿದ್ದರೆ ಅಪರಾಧವಾಗುತ್ತಿತ್ತು" ಎಂದು ನನ್ನ ಸೋದರಳಿಯ. "ಮೇಷ್ಟ್ರೇ, ನನ್ನ ಅಕ್ಷರ ಕೋಳಿ ಕೆದರಿದಂತಿದೆ ಎಂದು ಬಯ್ಯುತ್ತಿದ್ದಿರಲ್ಲ, ಅದು ವಬಿ-ಸಬಿ ಅಂತೆ!" ಎಂದು ಈಗ ಹುಬ್ಬಳ್ಳಿಯಲ್ಲಿ ವೈದ್ಯನಾಗಿರುವ ಒಬ್ಬ ಶಿಷ್ಯ. (ವೈದ್ಯನ ಅಕ್ಷರದ ಬಗ್ಗೆ ನಾನು ಈಗ ಏನೂ ಹೇಳಲಾರೆ.) ನಾನೂ ನಕ್ಕೆ. ಆದರೆ ರಾತ್ರಿ ಮಲಗಿದ ಮೇಲೆ ನಗು ಇಳಿದು ಸಿಟ್ಟು ಏರಿತು. ಆ ಸಿಟ್ಟಿಗೆ ಎರಡು ಕಾರಣಗಳಿವೆ. ಅಂಥ ಬಟ್ಟಲೊಂದನ್ನು ನಾನು ಕೈಯಲ್ಲಿ ಹಿಡಿದು ಚಹಾ ಕುಡಿದಿದ್ದೇನೆ ಎಂಬುದು ಒಂದು. ಇನ್ನೊಂದನ್ನು ಕೊನೆಯಲ್ಲಿ ಹೇಳುತ್ತೇನೆ. ಅದು ನನಗೆ ಹೆಮ್ಮೆ ತರುವಂಥದ್ದಲ್ಲ.

2017ರ ಜನವರಿಯಲ್ಲಿ ಮಗಳು-ಅಳಿಯನ ಜೊತೆ ನಾನು ಕ್ಯೋಟೋ ನಗರದಲ್ಲಿ ಮೂರು ವಾರ ಇದ್ದೆ. ಆಗ ಅಲ್ಲಿನ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ರಾಕು ಮನೆತನದ ಬಟ್ಟಲುಗಳ ದೊಡ್ಡ ಪ್ರದರ್ಶನ ನಡೆದಿತ್ತು. ಹದಿನಾರನೆಯ ಶತಮಾನದ ಚೋಜಿರೋನಿಂದ ಹಿಡಿದು ಆಗಿನ ಹದಿನೈದನೆಯ ತಲೆಮಾರಿನವರೆಗೆ ಒಂದೇ ಮನೆಯವರು ಮಾಡಿದ ಬಟ್ಟಲುಗಳು. ಅದಾದ ಕೆಲವು ದಿನಗಳಿಗೆ ಅಳಿಯನ ಪರಿಚಯದ ವಯಸ್ಸಾದ ಚಹಾ ಗುರುವೊಬ್ಬರು ತಮ್ಮ ಮನೆಗೆ ಕರೆದು, ಈ ಕಾಲದ ಕುಂಬಾರರೊಬ್ಬರು ಅದೇ ವಿಧಾನದಲ್ಲಿ ಮಾಡಿದ ಕಪ್ಪು ಬಟ್ಟಲಿನಲ್ಲಿ ಹಸುರು ಚಹಾ ಕೊಟ್ಟರು. ಆ ಚಹಾಪುಡಿಯ ಹೆಸರು ಮಚ್ಚಾ. ಬೆಂಗಳೂರಿನ ಹುಡುಗರು ನಗಬಾರದು.

ಈಗ ಆ ಗಂಭೀರ ಕಂಠದ ಮಾತನ್ನು ಒಂದೊಂದಾಗಿ ತೆಗೆದುಕೊಳ್ಳುತ್ತೇನೆ.

ಸೊಟ್ಟಗಿದೆ ಎಂದಿರಲ್ಲವೆ? ಸೊಟ್ಟಗಾಗುವುದು ಎಂದರೆ ನೇರವಾಗಿರಬೇಕಾದದ್ದು ಕೈತಪ್ಪಿ ಬಾಗುವುದು. ರಾಕು ಬಟ್ಟಲನ್ನು ತಿಗರಿಯ ಮೇಲೆ ಮಾಡುವುದೇ ಇಲ್ಲ. ಜಪಾನಿನಲ್ಲಿ ತಿಗರಿ ಇರಲಿಲ್ಲವೆಂದಲ್ಲ. ಚೋಜಿರೋನಿಗಿಂತ ಅನೇಕ ಶತಮಾನಗಳ ಮೊದಲೇ ಇತ್ತು. ಆ ಕಾಲದ ಚಹಾಕೂಟಗಳಲ್ಲಿ ಮೆರೆಯುತ್ತಿದ್ದ ಚೀನಾದ ತೆಮ್ಮೋಕು ಬಟ್ಟಲುಗಳು ತಿಗರಿಯ ಮೇಲೆ ಹುಟ್ಟಿ ದುಂಡಾಗಿ ನಿಂತವು. ಅವನ್ನು ಕಂಡಿದ್ದ ಜನ, ಬೇಕೆಂದೇ ತಿಗರಿಯನ್ನು ಬದಿಗಿಟ್ಟು, ಮಣ್ಣಿನ ಹಲ್ಲೆಯೊಂದನ್ನು ತಟ್ಟಿ ಚಪ್ಪಟೆ ಮಾಡಿ, ಅದರ ಅಂಚನ್ನು ಎರಡೂ ಅಂಗೈಗಳಿಂದ ಸುತ್ತಲೂ ಒತ್ತಿ ಒತ್ತಿ ಮೇಲೆತ್ತಿದರು. ಹೀಗೆ ಎದ್ದ ಗೋಡೆ ದಪ್ಪವಾಗಿರುತ್ತದೆ. ಅದು ಅರೆ ಒಣಗಿದ ಮೇಲೆ ಚೂಪಾದ ಸಲಾಕೆಯಿಂದ ಒಳಗೂ ಹೊರಗೂ ಕೆತ್ತುತ್ತಾರೆ. ಬಟ್ಟಲು ನಿಜವಾಗಿ ಆಕಾರ ಪಡೆಯುವುದು ಈ ಕೆತ್ತನೆಯಲ್ಲಿ. ಎಲ್ಲಿ ಎಷ್ಟು ಮಣ್ಣು ಉಳಿಯಬೇಕು, ತೂಕ ಎಲ್ಲಿ ಕೂರಬೇಕು, ತುಟಿ ತಾಗುವಲ್ಲಿ ಅಂಚು ಎಷ್ಟು ತೆಳುವಾಗಬೇಕು ಎಂಬುದನ್ನು ಪ್ರತಿಯೊಂದು ಕೆತ್ತಿನಲ್ಲೂ ನಿರ್ಧರಿಸಬೇಕು. ತಿಗರಿ ತಾನಾಗಿಯೇ ದುಂಡನ್ನು ಕೊಡುತ್ತದೆ. ಇಲ್ಲಿ ಯಾವುದೂ ತಾನಾಗಿ ಬರುವುದಿಲ್ಲ. ತಿದ್ದದೆ ಬಿಟ್ಟದ್ದರಿಂದ ಹುಟ್ಟಿದ ಆಕಾರವಲ್ಲ ಅದು; ಬೆರಳಗಲದಷ್ಟು ಜಾಗವನ್ನೂ ಬಿಡದೆ ತಿದ್ದಿದ್ದರಿಂದ ಹುಟ್ಟಿದ್ದು.

ಆ ಬಟ್ಟಲನ್ನು ಹಿಡಿದಾಗ ನನಗಾದ ಅನುಭವವನ್ನು ಸ್ವಲ್ಪ ವಿವರಿಸಬೇಕು. ಅಗಲ ಸುಮಾರು 11 ಸೆಂಟಿಮೀಟರ್, ಎತ್ತರ 8 ಇದ್ದೀತು. ನೋಡಲು ಭಾರವೆನಿಸಿತು, ಎತ್ತಿದರೆ ಹಗುರ. ಗುರುಗಳು ಬಿದಿರಿನ ಪುಟ್ಟ ಕಡೆಗೋಲಿನಿಂದ ಕಡೆದು ಕೊಟ್ಟ ಚಹಾ ಬಿಸಿಯಾಗಿತ್ತು, ಆದರೆ ಅಂಗೈ ಸುಡಲಿಲ್ಲ. ಲೋಟದ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಕಾಫಿ ಕುಡಿಯುವ ನಮಗೆ ಇದು ಸೋಜಿಗ. ಕಾರಣ ಸರಳ: ಆ ಮಣ್ಣನ್ನು ಪಿಂಗಾಣಿಯಂತೆ ಗಟ್ಟಿಯಾಗಿ ಬೇಯಿಸಿರುವುದಿಲ್ಲ; ಮೈತುಂಬ ಕಣ್ಣಿಗೆ ಕಾಣದ ರಂಧ್ರಗಳು; ಅದರಿಂದ ಶಾಖ ಹೊರಗೆ ಹಾಯುವುದು ನಿಧಾನ. ಕೈಗೂ ಹಿತ, ಚಹಾ ಕೂಡ ಬೇಗ ಆರದು. ಬಟ್ಟಲಿನ ತಳದಲ್ಲಿ ಕೊನೆಯ ಗುಟುಕು ಬಂದು ನಿಲ್ಲಲೆಂದು ಒಂದು ಪುಟ್ಟ ತಗ್ಗು. ಆ ಕಪ್ಪಿನ ನಡುವೆ ಉಳಿದ ಹಸುರು, ಮಳೆಗಾಲದ ಬಾವಿಯ ಪಾಚಿಯಂತೆ ಕಣ್ಣಿಗೆ ತಂಪಾಗಿತ್ತು. ಅಂಚು ಏರಿಳಿಯುತ್ತದೆ ಎಂದು ಆ ತುಣುಕಿನಲ್ಲಿ ದೂರಿದರಲ್ಲ, ಆ ಏರಿಳಿತವನ್ನು ನನ್ನ ತುಟಿ ಕಂಡುಕೊಂಡಿತು. ಕುಡಿಯುವ ಜಾಗ ಯಾವುದೆಂದು ಅದೇ ತಿಳಿಸಿತು. ಇಷ್ಟನ್ನೆಲ್ಲ ಯೋಚಿಸಿ ಮಾಡಿದವನಿಗೆ "ಪಾಪ, ಸೊಟ್ಟಗಾಯಿತು, ಆದರೂ ಚೆನ್ನಾಗಿದೆ" ಎನ್ನುವುದು ಹೊಗಳಿಕೆಯಲ್ಲ, ಅವಮಾನ.

ಬಣ್ಣದ ಮಾತು. ಆ ಕಪ್ಪಿನ ಲೇಪಕ್ಕೆ ಮೂಲ ಕ್ಯೋಟೋದ ಕಾಮೋ ನದಿಯ ಕಲ್ಲು. ಕಬ್ಬಿಣ, ಮ್ಯಾಂಗನೀಸ್ ಅಂಶಗಳಿರುವ ಕಲ್ಲನ್ನು ಅರೆದು ಮಾಡಿದ್ದು. ಒಮ್ಮೆ ಸುಟ್ಟ ಬಟ್ಟಲಿಗೆ ಈ ಲೇಪವನ್ನು ಪದರದ ಮೇಲೆ ಪದರವಾಗಿ ಬಳಿದು ಒಣಗಿಸುತ್ತಾರೆ. ಆಮೇಲೆ ಆವಿಗೆ. ನಮ್ಮೂರಿನ ಆವಿಗೆಗಳಲ್ಲಿ ನೂರಾರು ಮಡಕೆಗಳನ್ನು ಒಟ್ಟಿಗೆ ಒಟ್ಟಿ ಸುಡುವುದನ್ನು ನೀವು ನೋಡಿದ್ದೀರಿ. ಇಲ್ಲಿ ಒಂದು ಸಲಕ್ಕೆ ಒಂದೇ ಕಪ್ಪು ಬಟ್ಟಲು. ಇದ್ದಿಲ ಪುಟ್ಟ ಆವಿಗೆ, ಅದಕ್ಕೆ ತಿದಿ ಒತ್ತುವ ಜನ, ಸಾವಿರ ಡಿಗ್ರಿಯನ್ನು ಮೀರುವ ಬೆಂಕಿ. ಲೇಪ ಕರಗಿ ಮಿರುಗುವ ಗಳಿಗೆಯನ್ನು ಕಣ್ಣಿನಿಂದಲೇ ಅಳೆದು, ಕೆಂಡದಂತೆ ಉರಿಯುವ ಬಟ್ಟಲನ್ನು ಉದ್ದನೆಯ ಇಕ್ಕಳದಿಂದ ಹೊರಗೆ ಎಳೆಯುತ್ತಾರೆ. ಥಟ್ಟನೆ ತಣಿದಾಗಲೇ ಆ ಕಪ್ಪು ಹುಟ್ಟುವುದು. ಆವಿಗೆಯಲ್ಲೇ ನಿಧಾನವಾಗಿ ಆರಲು ಬಿಟ್ಟರೆ ಕಂದು ಬಣ್ಣಕ್ಕೆ ತಿರುಗುತ್ತದೆ. ಹಿಡಿದ ಇಕ್ಕಳದ ಗುರುತು ಬಟ್ಟಲ ಮೈಮೇಲೆ ಉಳಿಯುತ್ತದೆ. ತುಣುಕಿನವರು ಕಲೆ ಎಂದದ್ದು ಬಹುಶಃ ಅದನ್ನೇ.

ಇದೇ ಹೆಸರಿನಲ್ಲಿ ಅಮೆರಿಕದಲ್ಲಿ ಇನ್ನೊಂದು ವಿದ್ಯೆ ಬೆಳೆದಿದೆ. 1960ರಲ್ಲಿ ಪಾಲ್ ಸೋಲ್ಡ್ನರ್ ಎಂಬ ಕುಂಬಾರ ಆರಂಭಿಸಿದ್ದು. ಕೆಂಡವಾದ ಪಾತ್ರೆಯನ್ನು ಮರದ ಹೊಟ್ಟು, ಎಲೆಗಳಲ್ಲಿ ಹುದುಗಿಸಿ ಹೊಗೆ ಹಿಡಿಸುತ್ತಾರೆ. ಅದರ ಬಿರುಕು, ಲೋಹದ ಹೊಳಪು ಚೆಂದವೇ. ಆದರೆ ಅದು ಬೇರೆ ಮನೆಯ ಕೂಸು. ನಮ್ಮ ತುಣುಕಿನಲ್ಲಿ ಅದನ್ನೂ ನಡುವೆ ತುರುಕಿದ್ದರು.

ಇನ್ನು ಎರಡನೆಯ ಮಾತು: ಬಡತನದ, ಸರಳತನದ ಬಟ್ಟಲು ಎಂಬುದು. ಇದನ್ನು ಆ ತುಣುಕು ಮಾತ್ರವಲ್ಲ, ಓದಿಕೊಂಡವರೂ ಹೇಳುತ್ತಾರೆ. ಚೋಜಿರೋನಿಂದ ಈ ಬಟ್ಟಲುಗಳನ್ನು ಮಾಡಿಸಿದವನು ಸೆನ್ ನೋ ರಿಕ್ಯೂ. ಅವನು ಸಕಾಯಿ ಬಂದರಿನ ವರ್ತಕ ಕುಲದವನು; ಜಪಾನನ್ನು ಒಂದು ಆಳ್ವಿಕೆಯ ಕೆಳಗೆ ತಂದ ತೊಯೊತೊಮಿ ಹಿದೆಯೋಶಿಯ ಚಹಾ ಗುರು. ಆ ಹಿದೆಯೋಶಿ ಚಿನ್ನದ ತಗಡು ಹೊದಿಸಿದ, ಬೇಕಾದಲ್ಲಿಗೆ ಬಿಚ್ಚಿ ಒಯ್ಯಬಹುದಾದ ಚಹಾ ಕೋಣೆಯನ್ನು 1586ರಲ್ಲಿ ಚಕ್ರವರ್ತಿಯ ಅರಮನೆಯಲ್ಲಿ ನಿಲ್ಲಿಸಿದವನು. ಅದೇ 1586ರ ಒಂದು ಚಹಾಕೂಟದ ದಾಖಲೆಯಲ್ಲಿ "ಸೋಎಕಿಯ ಆಕಾರದ ಬಟ್ಟಲು" ಎಂಬ ಉಲ್ಲೇಖ ಬರುತ್ತದೆ. ಸೋಎಕಿ ಎಂಬುದು ರಿಕ್ಯೂನ ಇನ್ನೊಂದು ಹೆಸರು. ಗಮನಿಸಿ: ಆ ಕಾಲದ ಜನ ಅದನ್ನು "ಸೊಟ್ಟ ಬಟ್ಟಲು" ಎನ್ನಲಿಲ್ಲ, ಒಬ್ಬನ ಸಂಕಲ್ಪದಿಂದ ಬಂದ ಆಕಾರ ಎಂದು ಗುರುತಿಸಿದರು. ಹೊಸ ಮಾದರಿಯಾದ್ದರಿಂದ "ಈಗಿನ ಸುಡಾವಣೆ" ಎಂಬ ಅರ್ಥದ ಹೆಸರೂ ಇತ್ತು. ನಾವು ಇಂದು ಪುರಾತನವೆಂದು ಕಣ್ಣು ಮುಚ್ಚುವ ವಸ್ತು ಅಂದು ಎಲ್ಲರ ಕಣ್ಣು ಚುಚ್ಚುವಷ್ಟು ಹೊಸದಾಗಿತ್ತು.

ಹಿದೆಯೋಶಿಗೆ ಕಪ್ಪು ಬಟ್ಟಲು ಇಷ್ಟವಿರಲಿಲ್ಲ. ಹಕಾತಾದ ವರ್ತಕ ಕಾಮಿಯಾ ಸೋತಾನನ ಹೆಸರಿನ ದಿನಚರಿಯಲ್ಲಿ 1590ರ ಒಂದು ಕೂಟದ ಪ್ರಸಂಗವಿದೆ. ಪ್ರಭುವಿಗೆ ಕಪ್ಪಿನಲ್ಲಿ ಚಹಾ ಕಡೆಯುವುದು ಹಿಡಿಸದು ಎಂಬ ಮಾತು ರಿಕ್ಯೂನ ಬಾಯಿಂದಲೇ ಅಲ್ಲಿ ಬಂದಿದೆ. ಗೊತ್ತಿದ್ದೂ ರಿಕ್ಯೂ ಅದನ್ನು ಬಳಸುತ್ತಿದ್ದ. ಮರುವರ್ಷ, 1591ರಲ್ಲಿ, ಹಿದೆಯೋಶಿಯ ಆಜ್ಞೆಯಂತೆ ತನ್ನ ಹೊಟ್ಟೆಯನ್ನು ತಾನೇ ಸೀಳಿಕೊಂಡು ಸತ್ತ. ಬಟ್ಟಲಿಗಾಗಿಯೇ ಸತ್ತ ಎಂದು ನಾನು ಹೇಳುತ್ತಿಲ್ಲ. ದೈತೊಕುಜಿ ದೇಗುಲದ ಹೆಬ್ಬಾಗಿಲಿನ ಮೇಲಂತಸ್ತಿನಲ್ಲಿ ಅವನ ಪ್ರತಿಮೆ ನಿಲ್ಲಿಸಿದ್ದು, ಚಹಾ ಪರಿಕರಗಳನ್ನು ವಿಪರೀತ ಬೆಲೆಗೆ ಮಾರಿದ್ದು ಎಂಬ ಆರೋಪಗಳಿದ್ದವು, ವಿದ್ವಾಂಸರು ಇಂದಿಗೂ ಜಗಳವಾಡುತ್ತಾರೆ. ಅಂದರೆ ಈ "ಸರಳ" ಬಟ್ಟಲಿನ ಸುತ್ತ ಹಣವಿತ್ತು, ಅಧಿಕಾರವಿತ್ತು, ಹಟವಿತ್ತು, ರಕ್ತವೂ ಇತ್ತು. ವಬಿ ಎಂಬ ಪದಕ್ಕೇ ಮೂಲದಲ್ಲಿ ದೈನ್ಯ, ಕೊರಗು ಎಂಬ ಅರ್ಥ. ಸಬಿ ಎಂದರೆ ಕಾಲ ಕಳೆದು ಮಾಸಿದ್ದು, ಒಂಟಿಯಾದದ್ದು. ಎರಡನ್ನೂ ಹೊಲಿದು ಒಂದು ಜೀವನ ಸೂತ್ರವೆಂಬಂತೆ ಜಗತ್ತಿಗೆ ಹರಡಿದ್ದು ಬಹುಮಟ್ಟಿಗೆ 1994ರಲ್ಲಿ ಬಂದ ಲಿಯೊನಾರ್ಡ್ ಕೋರೆನ್ ಎಂಬ ಅಮೆರಿಕನ್ನನ ಪುಸ್ತಕದ ನಂತರ. ಆ ಪುಸ್ತಕವನ್ನು ನಾನು ದೂಷಿಸುವುದಿಲ್ಲ. ಅದರಿಂದ ಇಳಿದ ನೀರು ಮೆತ್ತೆ, ಮೇಣದಬತ್ತಿ, ಮನೋಲ್ಲಾಸ ಶಿಬಿರಗಳವರೆಗೆ ಹರಿದು ಕೊನೆಗೆ ನಮ್ಮ ಕುಟುಂಬದ ಬಳಗಕ್ಕೂ ಬಂದಿತು, ಅಷ್ಟೆ.

ಅಪೂರ್ಣವಾದದ್ದೆಲ್ಲ ಸುಂದರವಾಗಿದ್ದರೆ ಆರಿಸುವ ಕೆಲಸವೇ ಇರುತ್ತಿರಲಿಲ್ಲ. ಚೋಜಿರೋನ ಕಪ್ಪು ಬಟ್ಟಲುಗಳಲ್ಲೊಂದಕ್ಕೆ ಷುಂಕಾನ್ ಎಂದು ಹೆಸರು; ಈಗ ಟೋಕಿಯೋದ ಮಿತ್ಸುಯಿ ಸ್ಮಾರಕ ಸಂಗ್ರಹಾಲಯದಲ್ಲಿದೆ. ರಿಕ್ಯೂ ದೂರದ ಸತ್ಸುಮಾ ಸೀಮೆಯಲ್ಲಿದ್ದ ಶಿಷ್ಯನಿಗೆ ಮೂರು ಬಟ್ಟಲುಗಳನ್ನು ಕಳುಹಿಸಿದನಂತೆ. ಶಿಷ್ಯ ಎರಡನ್ನು ಹಿಂದಿರುಗಿಸಿ ಇದೊಂದನ್ನು ಉಳಿಸಿಕೊಂಡ. ಷುಂಕಾನ್ ಎಂಬ ಸನ್ಯಾಸಿಯನ್ನು 1177ರಲ್ಲಿ ರಾಜದ್ರೋಹಕ್ಕಾಗಿ ಇನ್ನಿಬ್ಬರೊಂದಿಗೆ ದಕ್ಷಿಣದ ದ್ವೀಪಕ್ಕೆ ಗಡೀಪಾರು ಮಾಡಿದ್ದರು. ಅವರಿಬ್ಬರಿಗೆ ಕ್ಷಮೆ ದೊರೆತು ಮರಳಿದರು, ಇವನೊಬ್ಬ ಅಲ್ಲೇ ಉಳಿದ. ಅದನ್ನು ನೆನೆದು ಬಟ್ಟಲಿಗೆ ಆ ಹೆಸರು. ಕಥೆ ಕರುಳು ಹಿಂಡುವಂಥದ್ದು, ಆದರೆ ಅಧ್ಯಾಪಕನಾದ ನನ್ನ ಕಣ್ಣು ಆ ಹಿಂದಿರುಗಿದ ಎರಡರ ಮೇಲೆ. ಗುರುವೇ ಕಳುಹಿಸಿದ್ದನ್ನು ಶಿಷ್ಯ ನೋಡಿ, ಹಿಡಿದು, ಬೇಡವೆಂದ. ಅಲ್ಲೊಂದು ಅಳತೆ ಇತ್ತು, ಕಠಿಣವಾದ ಅಳತೆ.

ಇದಕ್ಕೆ ಎದುರಾಗಿ ಕಿಮಾಮೋರಿ ಎಂಬ ಕೆಂಪು ಬಟ್ಟಲಿನ ಕಥೆಯನ್ನು ಯಾರಾದರೂ ಎತ್ತಬಹುದು. ಶಿಷ್ಯರೆಲ್ಲ ತಮಗೆ ಬೇಕಾದ್ದನ್ನು ಆರಿಸಿಕೊಂಡು ಹೋದ ಮೇಲೆ ಉಳಿದದ್ದು ಅದು. ಮರದಲ್ಲಿ ಬಿಟ್ಟ ಕೊನೆಯ ಹಣ್ಣಿಗೆ ಜಪಾನಿನಲ್ಲಿ ಹೇಳುವ "ಮರ ಕಾಯುವುದು" ಎಂಬ ಹೆಸರನ್ನು ರಿಕ್ಯೂ ಅದಕ್ಕೆ ಕೊಟ್ಟನೆಂದು ಪ್ರತೀತಿ. ನಮ್ಮ ಅಜ್ಜಿಯೂ ಸೀಬೆಮರದ ತುದಿಯಲ್ಲಿ ಒಂದೆರಡು ಹಣ್ಣು ಗಿಳಿಗೆಂದು ಬಿಡುತ್ತಿದ್ದಳು. ಆದರೆ ಗಿಳಿಗೆ ಬಿಟ್ಟದ್ದು ಹುಳುಕು ಹಣ್ಣಲ್ಲ ಎಂಬುದನ್ನೂ ನೆನಪಿಸಬೇಕು. 1923ರ ಮಹಾಭೂಕಂಪದಲ್ಲಿ ಆ ಬಟ್ಟಲು ಒಡೆಯಿತು. ಉಳಿದ ಚೂರನ್ನು ಸೇರಿಸಿ ರಾಕು ಮನೆಯವರೇ ಮತ್ತೆ ಕಟ್ಟಿದರು.

ಈಗ ನಾನು ಹೆಚ್ಚು ಗೌರವದಿಂದ ಜಗಳವಾಡಬೇಕಾದ ಒಬ್ಬ ಎದುರಾಳಿಯ ಬಳಿಗೆ ಬರುತ್ತೇನೆ. ಯಾನಾಗಿ ಸೋಯೆತ್ಸು (1889–1961) ಜಪಾನಿನ ಜಾನಪದ ಕರಕುಶಲ ಚಳವಳಿಯ ಪ್ರವರ್ತಕರು. 1936ರಲ್ಲಿ ಟೋಕಿಯೋದಲ್ಲಿ ಅದಕ್ಕೆಂದೇ ಸಂಗ್ರಹಾಲಯ ತೆರೆದವರು. ಅವರಿಗೆ ರಾಕು ಬಟ್ಟಲು ಹಿಡಿಸುತ್ತಿರಲಿಲ್ಲ. ಅವರ ವಾದ ಸ್ಥೂಲವಾಗಿ ಹೀಗೆ: ನಿಜವಾದ ಸೌಂದರ್ಯವಿರುವುದು ಕೊರಿಯಾದ ಬಡ ಕುಂಬಾರರು ನಿತ್ಯದ ಬಳಕೆಗೆ, ಸೌಂದರ್ಯದ ಯೋಚನೆಯೇ ಇಲ್ಲದೆ ಮಾಡಿದ ಇದೋ ಬಟ್ಟಲುಗಳಲ್ಲಿ. ರಾಕು ಬಟ್ಟಲು ಚಹಾ ಗುರುಗಳ ರುಚಿಗೆಂದು ಪ್ರಜ್ಞಾಪೂರ್ವಕವಾಗಿ ಮಾಡಿದ್ದು. ಅದರ ಒರಟುತನ ನಟನೆ. ತುಣುಕಿನವರಿಗಿಂತ ಯಾನಾಗಿಯವರೇ ಮೇಲು. ಬಟ್ಟಲು ಯೋಚಿಸಿ ಮಾಡಿದ್ದೆಂದು ಅವರು ಸರಿಯಾಗಿಯೇ ಕಂಡರು. ಅದನ್ನು ದೋಷವೆಂದು ಎಣಿಸಿದರು. ನಂತರದ ರಾಕು ಅನುಕರಣೆಗಳನ್ನು ನೋಡಿದರೆ, ಬೇಕೆಂದೇ ಅಂಚು ಹಿಚುಕಿ, ಬೇಕೆಂದೇ ಹೊಟ್ಟೆ ಕುಗ್ಗಿಸಿ, "ನಾನೆಷ್ಟು ಒರಟು ನೋಡಿ" ಎನ್ನುವ ಬಟ್ಟಲುಗಳು ಸಾಕಷ್ಟಿವೆ. ಅವುಗಳ ಬಗ್ಗೆ ಯಾನಾಗಿಯವರ ಮಾತು ನೂರಕ್ಕೆ ನೂರು ನಿಜ. ಚೋಜಿರೋನ ಬಟ್ಟಲು ಮಾತ್ರ ಹಾಗೆ ಏನನ್ನೂ ಕೂಗಿ ಹೇಳುವುದಿಲ್ಲ. ಗಾಜಿನ ಪೆಟ್ಟಿಗೆಯ ಮುಂದೆ ಅರ್ಧ ಗಂಟೆ ನಿಂತರೂ ಅದು ತನ್ನತ್ತ ಕರೆಯಲಿಲ್ಲ. ನಾನೇ ಹತ್ತಿರ ಹತ್ತಿರ ಬಾಗಿದೆ. ಕಾವಲಿನ ಹೆಣ್ಣುಮಗಳು ವಿನಯದಿಂದ ಹಿಂದೆ ಸರಿಯಲು ಹೇಳಿದಳು.

ಆದರೆ ನನ್ನ ಜಗಳ ಇನ್ನೊಂದು ಕಡೆ. ಹೆಸರಿಲ್ಲದ ಕುಂಬಾರನ ಮುಗ್ಧತೆಯನ್ನು ಕೊಂಡಾಡುತ್ತಾರಲ್ಲ, ಆ ಹೆಸರು ಏಕಿಲ್ಲ? ಅವನು ಹೆಸರು ಬೇಡವೆಂದನೆ, ಅಥವಾ ಯಾರೂ ಕೇಳಲಿಲ್ಲವೆ? 1592ರಿಂದ 1598ರವರೆಗೆ ಇದೇ ಹಿದೆಯೋಶಿಯ ಸೈನ್ಯ ಕೊರಿಯಾದ ಮೇಲೆ ಬಿದ್ದಾಗ ಅಲ್ಲಿನ ಕುಂಬಾರರನ್ನು ಕುಟುಂಬ ಸಮೇತ ಹಿಡಿದು ಜಪಾನಿಗೆ ಸಾಗಿಸಿದರು. ಹಾಗಿ, ಸತ್ಸುಮಾ, ಅರಿತಾ ಮುಂತಾದ ಪ್ರಸಿದ್ಧ ಮಣ್ಪಾತ್ರೆಗಳ ಚರಿತ್ರೆಯಲ್ಲಿ ಆ ಬಂದಿಗಳ ಕೈ ಇದೆ. ಏನೂ ಯೋಚಿಸದೆ ಹಕ್ಕಿ ಹಾಡಿದಂತೆ ಬಟ್ಟಲು ಮಾಡುತ್ತಿದ್ದವರನ್ನು ಯಾವ ಸೇನಾಪತಿಯೂ ಸಮುದ್ರ ದಾಟಿಸುತ್ತಿರಲಿಲ್ಲ. ಅವರಿಗೆ ವಿದ್ಯೆ ಇತ್ತು, ಆ ವಿದ್ಯೆಗೆ ಬೆಲೆ ಇತ್ತು, ಅದಕ್ಕಾಗಿಯೇ ಹೊತ್ತೊಯ್ದರು. ಕುಂಬಾರನಿಗೆ ಯೋಚನೆ ಇಲ್ಲ, ಅವನ ಕೈಗೆ ಮಾತ್ರ ಗೊತ್ತು ಎನ್ನುವುದು ಮಡಕೆ ಮಾಡದವರ ಮಾತು. ನಾನೂ ಆ ಗುಂಪಿನವನೇ.

ರಾಕು ಮನೆಯಲ್ಲಿ ಆದದ್ದು ಇದಕ್ಕೆ ವ್ಯತಿರಿಕ್ತ. ಅಲ್ಲಿ ಹೆಸರು ಉಳಿಯಿತು. ಚೋಜಿರೋ 1589ರಲ್ಲಿ ತೀರಿಕೊಂಡ. ಅವನ ತಂದೆ ಚೀನಾದಿಂದ ಬಂದವನೆಂದು ಪ್ರತೀತಿ. ಅವನ ನಂತರ ಜೋಕೆಯಿ, ದೋನ್ಯೂ, ಇಚಿನ್ಯೂ ಎಂದು ಒಬ್ಬೊಬ್ಬರ ಹೆಸರೂ, ಮುದ್ರೆಯೂ ದಾಖಲೆಯಲ್ಲಿದೆ. 2019ರಲ್ಲಿ ಹದಿನಾರನೆಯವರು ಪಟ್ಟಕ್ಕೆ ಬಂದರು. ಈ ಮನೆಯಲ್ಲಿ ತಂದೆ ಮಗನಿಗೆ ಲೇಪದ ಪಾಕ ಹೇಳಿಕೊಡುವುದಿಲ್ಲವಂತೆ. ಪ್ರತಿಯೊಬ್ಬನೂ ತನ್ನ ಕಪ್ಪನ್ನು ತಾನೇ ಹುಡುಕಿಕೊಳ್ಳಬೇಕು. ಮಣ್ಣನ್ನು ಮಾತ್ರ ಬಿಟ್ಟುಹೋಗುತ್ತಾರೆ. ಒಬ್ಬ ಅಗೆದು ಕೂಡಿಟ್ಟ ಮಣ್ಣನ್ನು ಬಳಸುವುದು ಅವನ ಮರಿಮಗ. ಮರಿಮಗ ಅಗೆದದ್ದು ಅವನಿಗಲ್ಲ. ಈ ವಿಷಯ ಓದಿದಾಗ ನಾನು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ಅಷ್ಟು ಕಾಲ ಆ ಬಟ್ಟಲನ್ನು ಕೊಳ್ಳುವವರು ಇದ್ದರು, ಬೆಲೆ ತೆರುವವರು ಇದ್ದರು, ಮಾಡಿದವನು ಯಾರೆಂದು ಪೆಟ್ಟಿಗೆಯ ಮುಚ್ಚಳದ ಮೇಲೆ ಬರೆದಿಡುವವರು ಇದ್ದರು. ಅದರಿಂದಲೇ ಸರಪಳಿ ಉಳಿಯಿತು.

ಇನ್ನು ಎರಡನೆಯ ಕಾರಣ ಹೇಳುತ್ತೇನೆಂದಿದ್ದೆ.

1978ರಲ್ಲಿ ನಾನು ಏಳನೆಯ ತರಗತಿಗೆ ಕನ್ನಡ ಕಲಿಸುತ್ತಿದ್ದೆ. ಎರಡನೆಯ ಬೆಂಚಿನಲ್ಲಿ ಊರ ಕುಂಬಾರನ ಮಗ ಕುಳಿತಿರುತ್ತಿದ್ದ. ಪ್ರತಿ ಬೇಸಿಗೆಯಲ್ಲಿ ಶಾಲೆಗೆ ನೀರಿನ ಹೂಜಿಗಳನ್ನು ನಾನೇ ಅವನ ತಂದೆಯ ಬಳಿ ಕೊಳ್ಳುತ್ತಿದ್ದೆ. ಶಾಲೆಯ ದುಡ್ಡಾದರೂ ನಾಲ್ಕಾಣೆಗೆ ಚೌಕಾಸಿ ಮಾಡುತ್ತಿದ್ದೆ. ಖರ್ಚಿನ ಪುಸ್ತಕದಲ್ಲಿ "ಮಣ್ಣಿನ ಹೂಜಿ, ಎರಡು" ಎಂದು ನನ್ನ ದುಂಡು ಅಕ್ಷರದಲ್ಲಿ ಬರೆಯುತ್ತಿದ್ದೆ. ಕುಂಬಾರನ ಹೆಸರು ಬರೆದದ್ದಿಲ್ಲ, ಕೇಳಿದ್ದೂ ಇಲ್ಲ. ಮತ್ತು ಪಾಠ ಒಪ್ಪಿಸದ ಮಕ್ಕಳಿಗೆ, ಆ ಕಾಲದ ಮೇಷ್ಟ್ರುಗಳೆಲ್ಲ ಹೇಳುತ್ತಿದ್ದ ಮಾತನ್ನು ನಾನೂ ತರಗತಿಯ ನಡುವೆ ಗಟ್ಟಿಯಾಗಿ ಹೇಳುತ್ತಿದ್ದೆ: "ಓದದಿದ್ದರೆ ಮಣ್ಣು ತುಳಿಯಲು ಹೋಗಬೇಕಾದೀತು." ಎಷ್ಟು ಸಲ ಹೇಳಿದೆನೋ ಲೆಕ್ಕವಿಲ್ಲ. ಆ ಹುಡುಗ ತಲೆ ತಗ್ಗಿಸಿ ಬರೆಯುತ್ತಿದ್ದ. ಚೆನ್ನಾಗಿ ಓದಿದ, ಬ್ಯಾಂಕಿಗೆ ಸೇರಿದ. ಆ ಮನೆಯಲ್ಲಿ ತಿಗರಿ ನಿಂತಿತು. ನನ್ನ ಒಂದು ಮಾತಿನಿಂದಲೇ ನಿಂತಿತೆಂದು ಹೇಳುವಷ್ಟು ಅಹಂಕಾರ ನನಗಿಲ್ಲ. ಪ್ಲಾಸ್ಟಿಕ್ ಕೊಡ, ಸ್ಟೀಲಿನ ಬಿಂದಿಗೆ ಬಂದವು, ಕೆರೆಯ ಮಣ್ಣು ಸಿಗದಾಯಿತು. ಆದರೂ, ಮೂವತ್ತೊಂಬತ್ತು ವರ್ಷಗಳ ನಂತರ ನಾನು ಕ್ಯೋಟೋದಲ್ಲಿ ಒಬ್ಬ ಕುಂಬಾರನ ಬಟ್ಟಲಿನ ಮುಂದೆ ಕೈ ಮುಗಿದು ನಿಂತೆನಲ್ಲ, ಆಗ ಎರಡನೆಯ ಬೆಂಚು ನೆನಪಿಗೆ ಬಾರದಿರಲಿಲ್ಲ.

ಅದರಿಂದಲೇ "ತಿದ್ದಬೇಡಿ" ಎಂಬ ಉಪದೇಶ ನನಗೆ ಸಹಿಸಲಾಗದ್ದು. ನನ್ನ 34 ವರ್ಷಗಳ ಕೆಲಸದಲ್ಲಿ ತಪ್ಪುಗಳಿವೆ. ಅಂಕುಡೊಂಕು ಅಕ್ಷರಕ್ಕೆ ಬೆರಳ ಗಂಟಿನ ಮೇಲೆ ಅಡಿಪಟ್ಟಿಯಿಂದ ಹೊಡೆದದ್ದು ತಪ್ಪು. ಹೊಡೆಸಿಕೊಂಡವರು ಇದನ್ನು ಓದುತ್ತಿದ್ದರೆ ಕ್ಷಮೆ ಕೇಳುತ್ತೇನೆ. ಮಣ್ಣು ತುಳಿಯುವ ಮಾತು ಅದಕ್ಕಿಂತ ದೊಡ್ಡ ತಪ್ಪು. ಆದರೆ ಅದೇ ಸಾಲನ್ನು ಮತ್ತೆ ಬರೆಸಿದ್ದು ತಪ್ಪಲ್ಲ. ಅದಕ್ಕೆ ಕ್ಷಮೆ ಕೇಳುವುದಿಲ್ಲ. ಕಪ್ಪು ಬಟ್ಟಲನ್ನು ನನ್ನ ವಿರುದ್ಧ ಸಾಕ್ಷಿಗೆ ಕರೆತಂದ ಸೋದರಳಿಯನಿಗೆ ನನ್ನ ಉತ್ತರ: ಸಾಕ್ಷಿ ನನ್ನ ಪಕ್ಷದ್ದು ಕಣಪ್ಪ.

ಆ ದಿನ ಬಳಗದಲ್ಲಿ ಬಂದ ನಗೆಮಾತುಗಳ ನಡುವೆ ರಾತ್ರಿ ಹನ್ನೊಂದಕ್ಕೆ ಒಂದು ಸಣ್ಣ ಸಂದೇಶವೂ ಇತ್ತು. ಎರಡನೆಯ ಬೆಂಚಿನವನದು. ಅವನ ಹೆಸರನ್ನು ಇಲ್ಲಿ ಬರೆಯಲು ಅಪ್ಪಣೆ ಕೇಳಿದೆ. "ಬೇಡ ಸಾರ್, ಅಪ್ಪನ ಹೆಸರು ಇದ್ದಿದ್ದರೆ ಚೆನ್ನಾಗಿತ್ತು, ನನ್ನದು ಬೇಡ" ಎಂದ. ತಂದೆಯ ಹೆಸರನ್ನು ಊರಿಗೆ ಬಂದಾಗ ನನ್ನೆದುರೇ ಹೇಳುವೆನೆಂದಿದ್ದಾನೆ. ಅವನು ಬರೆದದ್ದು ಇಷ್ಟು: "ಸಾರ್, ನಮ್ಮಪ್ಪನ ಮಡಕೆ ಸೊಟ್ಟಗಿರುತ್ತಿರಲಿಲ್ಲ. ಹಸಿ ಇದ್ದಾಗ ಸ್ವಲ್ಪ ವಾಲಿದ್ದು ಕಂಡರೆ ಮತ್ತೆ ಮುದ್ದೆ ಮಾಡಿಬಿಡುತ್ತಿದ್ದರು. ಸುಟ್ಟ ಮೇಲೆ ಒಂದೊಂದನ್ನೂ ಬೆರಳಿನಿಂದ ತಟ್ಟಿ ಕೇಳುತ್ತಿದ್ದರು. ನಾದ ಸರಿ ಇಲ್ಲದ್ದನ್ನು ಸಂತೆಗೆ ಒಯ್ಯುತ್ತಿರಲಿಲ್ಲ."

ತಂದೆ ಮಡಕೆ ಬಡಿಯುತ್ತಿದ್ದ ಹಲಗೆಯೂ, ಒಳಗಿನಿಂದ ಆನಿಸಿ ಹಿಡಿಯುತ್ತಿದ್ದ ಕಲ್ಲೂ ಊರ ಮನೆಯ ಅಟ್ಟದ ಮೇಲೆ ಇನ್ನೂ ಇವೆಯಂತೆ. ಬರುವ ತಿಂಗಳು ಇಳಿಸಿ ತೋರಿಸಲು ಒಪ್ಪಿದ್ದಾನೆ. ನಾನು ಹೊಸ ನೋಟುಪುಸ್ತಕ ತೆಗೆದುಕೊಂಡು ಹೋಗುತ್ತೇನೆ.